ವಾಪಸ್ ಬರುವ ಸಿನಿಮಾ ಉಂಟಾ ಮಾಮ?

ಡಿಗ್ರಿ ಮುಗಿಸಿ, ಕೆಲಸ ಸಿಗುವವರೆಗೆ ಮನೆಯಲ್ಲಿ ಕುಳಿತವರಿಗೆ ಒಂದು ಕೆಲಸವಂತೂ ಅರ್ಜಿ ಹಾಕದೆಯೇ ಸಿಗುತ್ತದೆ. ಅದು ಅಕ್ಕನ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಸಂದರ್ಶನ ಇಲ್ಲ, ಸಂಬಳ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಮಂಗಳೂರಿನ ಮಳೆಗಾಲದಲ್ಲಿ ಇದಕ್ಕೆ ಓವರ್‌ಟೈಮ್ ಬೇರೆ. ರೆಡ್ ಅಲರ್ಟ್, ಇವತ್ತು ಶಾಲೆಗಳಿಗೆ ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರೆ ಎಂಬ ಮೆಸೇಜು ಬೆಳಿಗ್ಗೆ ವಾಟ್ಸ್‌ಆ್ಯಪ್‌ಗೆ ಬಿದ್ದ ಕೂಡಲೇ ನನ್ನ ಬ್ಯಾಂಕ್ ಪರೀಕ್ಷೆಯ ಪುಸ್ತಕ ಮುಚ್ಚಿಕೊಳ್ಳುತ್ತದೆ. ಆರು ವರ್ಷದ ಸೊಸೆ ಚಾಪೆ ಬಿಡಿಸಿ ಟಿವಿ ಎದುರು ಕೂರುತ್ತಾಳೆ. 'ಮಾಮ, ರೋಬೋಟ್‌ದು ಹಾಕು.'

ಅವಳಿಗೆ ರೋಬೋಟು, ರಾಕೆಟು, ಆಕಾಶದಿಂದ ಎಂತಾದರೂ ಬೀಳುವ ಕಥೆ ಎಂದರೆ ಆಯಿತು. ರಾಜಕುಮಾರಿಯರ ಸಿನಿಮಾ ಹಾಕಿದರೆ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾಳೆ. ಹಾಗಾಗಿ ಕಳೆದ ಎರಡು ಮಳೆಗಾಲದಲ್ಲಿ ನಾನು ವೈಜ್ಞಾನಿಕ ಕಲ್ಪನೆಯ ಸಿನಿಮಾಗಳನ್ನು ಹುಡುಕುತ್ತಾ, ಮೊದಲು ಒಬ್ಬನೇ ಕೂತು ನೋಡುತ್ತಾ, ಇದು ತೋರಿಸಬಹುದು, ಇದು ಬೇಡ ಎಂದು ಬೇರೆ ಮಾಡುತ್ತಾ ಬಂದಿದ್ದೇನೆ. ಪರೀಕ್ಷೆಗೆ ಇಷ್ಟು ಶ್ರದ್ಧೆಯಿಂದ ಓದಿದ್ದರೆ ಎಂದು ಅಮ್ಮ ಹೇಳುವುದು ಬೇರೆ ವಿಷಯ.

ಆಯ್ಕೆಗೆ ಸರ್ಟಿಫಿಕೇಟ್ ನೋಡಿದರೆ ಸಾಕಲ್ಲವೇ ಎಂದು ನಿಮಗನ್ನಿಸಬಹುದು. ಹಿಂದೆ 'ಯು/ಎ' ಎಂಬ ಒಂದೇ ದೊಡ್ಡ ಚೀಲ ಇತ್ತು. 2024ರ ಹೊಸ ನಿಯಮಗಳು ಅದನ್ನು ಏಳು ವರ್ಷ, ಹದಿಮೂರು ವರ್ಷ, ಹದಿನಾರು ವರ್ಷ ಎಂದು ಮೂರು ಮಾಡಿವೆ. ಒಳ್ಳೆಯದೇ. ಆದರೆ ಅಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ರಕ್ತ, ಹೊಡೆದಾಟ, ಕೆಟ್ಟ ಮಾತು, ಭಯಂಕರ ದೃಶ್ಯ. ನಮ್ಮ ಮನೆಯ ಹುಡುಗಿ ಹೆದರುವುದು ಇದ್ಯಾವುದಕ್ಕೂ ಅಲ್ಲ. ದೇವಿ ಮಹಾತ್ಮೆ ಪ್ರಸಂಗದಲ್ಲಿ ಮಧ್ಯರಾತ್ರಿ ದೊಂದಿ ಬೆಳಕಿನ ನಡುವೆ, ಜನರ ಮಧ್ಯದಿಂದಲೇ ಕೂಗುತ್ತಾ ಬರುವ ಮಹಿಷಾಸುರನನ್ನು ಅಜ್ಜನ ತೊಡೆಯ ಮೇಲೆ ಕೂತು ನೋಡಿದವಳು ಅವಳು. ಅಂಥವಳಿಗೆ ಹಾಲಿವುಡ್ಡಿನ ಜೊಲ್ಲು ಸುರಿಸುವ ಏಲಿಯನ್ ಎಂತ ಲೆಕ್ಕ?

ಅವಳು ಕೇಳುವುದು ಬೇರೆಯೇ. 'ಇವನ ಅಪ್ಪ ಎಲ್ಲಿಗೆ ಹೋದದ್ದು?' 'ಆ ರಾಕೆಟ್ ವಾಪಸ್ ಬರ್ತದಾ?'

ಭಾವ ಶಾರ್ಜಾದಲ್ಲಿದ್ದಾರೆ. ವರ್ಷಕ್ಕೊಮ್ಮೆ ಒಂದು ತಿಂಗಳು ಬರುತ್ತಾರೆ. ನಮ್ಮ ಊರಲ್ಲಿ ಇದು ಹೇಳಿಕೊಳ್ಳುವಂಥ ಸಂಗತಿಯೇನಲ್ಲ, ನಮ್ಮ ಬೀದಿಯಲ್ಲೇ ಇಂಥ ಮನೆಗಳು ಏಳೆಂಟು ಇವೆ. ಮನೆ ಇರುವುದು ಕಾವೂರಿನಲ್ಲಿ, ಬಜ್ಪೆ ವಿಮಾನ ನಿಲ್ದಾಣಕ್ಕೆ ಹತ್ತಿರ. ದಿನಾ ವಿಮಾನದ ಸದ್ದು ಕೇಳುತ್ತದೆ. ಯಾರೋ ಒಬ್ಬರು ಆಕಾಶಕ್ಕೆ ಏರಿ ಕಾಣದಷ್ಟು ದೂರ ಹೋಗುವುದು, ಪರದೆಯ ಮೇಲೆ ಮುಖ ತೋರಿಸಿ ಮಾತಾಡುವುದು, ಅಲ್ಲಿ ಗಂಟೆಯೇ ಬೇರೆ ಇರುವುದು, ಇದೆಲ್ಲ ನನಗೆ ವೈಜ್ಞಾನಿಕ ಕಲ್ಪನೆ. ಅವಳಿಗೆ ಮನೆಯ ಸುದ್ದಿ.

ಈ ಕಣ್ಣಿನಿಂದ ನೋಡಲು ಶುರು ಮಾಡಿದ ಮೇಲೆ ನನಗೊಂದು ವಿಚಿತ್ರ ಕಂಡಿತು. ಮಕ್ಕಳು ನೋಡುವ ಈ ಜಾತಿಯ ಸಿನಿಮಾಗಳಲ್ಲಿ ಅಪ್ಪಂದಿರೇ ಇರುವುದಿಲ್ಲ. 'ದ ಐರನ್ ಜಯಂಟ್'ನ ಹುಡುಗನಿಗೆ ಅಪ್ಪ ಇಲ್ಲ. 'ಬಿಗ್ ಹೀರೋ 6'ರಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲ, ಸಾಲದ್ದಕ್ಕೆ ಅಣ್ಣನೂ ಬೆಂಕಿಯಲ್ಲಿ ಹೋಗುತ್ತಾನೆ. 'ಇ.ಟಿ.' ಸಿನಿಮಾದ ಎಲಿಯಟ್‌ನ ಅಪ್ಪ ಮನೆ ಬಿಟ್ಟು ಮೆಕ್ಸಿಕೋಗೆ ಹೋಗಿದ್ದಾನೆ. 1982ರಲ್ಲಿ ಬಂದ ಈ ಚಿತ್ರದ ಮೂಲ ತನ್ನ ತಂದೆ-ತಾಯಿ ಬೇರೆಯಾದಾಗ ಕಲ್ಪಿಸಿಕೊಂಡ ಒಬ್ಬ ಗೆಳೆಯ ಎಂದು ಸ್ಪೀಲ್‌ಬರ್ಗ್ ಅವರೇ ಹೇಳಿಕೊಂಡಿದ್ದಾರೆ. ಖಾಲಿ ಇರುವ ಆ ಜಾಗ ತುಂಬಲಿಕ್ಕೇ ಈ ಏಲಿಯನ್ನುಗಳು, ರೋಬೋಟುಗಳು ಬರುವುದೋ ಏನೋ.

'ಇ.ಟಿ.' ತೋರಿಸಬೇಕೋ ಬೇಡವೋ ಎಂದು ನಾನು ತುಂಬಾ ದಿನ ಯೋಚಿಸಿದೆ. ಕೊನೆಗೆ ಅವಳಿಗೆ ಆರು ತುಂಬಿದ ಮೇಲೆ, ಎರಡು ದಿನಕ್ಕೆ ಭಾಗ ಮಾಡಿ ತೋರಿಸಿದೆ. ಇ.ಟಿ. ಬೆಳ್ಳಗೆ ಬಿಳಿಚಿಕೊಂಡು ಮಲಗುವ, ಬಾಹ್ಯಾಕಾಶದ ಉಡುಪಿನಂಥದ್ದನ್ನು ತೊಟ್ಟವರು ಮನೆಗೆ ನುಗ್ಗುವ ಭಾಗ ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು, ಪಕ್ಕದಲ್ಲಿ ಅಜ್ಜಿಯನ್ನೂ ಕೂರಿಸಿಕೊಂಡು ಆಯಿತು. ಕಡೆಯಲ್ಲಿ ಅವನು ಹೋಗುವುದು ಅವನ ಮನೆಗೆ ಎಂಬುದು ಅವಳಿಗೆ ಸಮಾಧಾನ ಕೊಟ್ಟಿತು. ಹೋಗುವುದಕ್ಕೂ ಮನೆಗೆ ಹೋಗುವುದಕ್ಕೂ ವ್ಯತ್ಯಾಸ ಉಂಟಲ್ಲ. ಅಂದಹಾಗೆ, 2002ರಲ್ಲಿ ಈ ಚಿತ್ರ ಮತ್ತೆ ಬಿಡುಗಡೆಯಾದಾಗ ಪೊಲೀಸರ ಕೈಯಲ್ಲಿದ್ದ ಬಂದೂಕುಗಳನ್ನು ಕಂಪ್ಯೂಟರಿನಲ್ಲಿ ಅಳಿಸಿ ವಾಕಿಟಾಕಿ ಕೊಟ್ಟಿದ್ದರು. ಆಮೇಲೆ ಸ್ಪೀಲ್‌ಬರ್ಗ್ ಹಾಗೆ ಮಾಡಬಾರದಿತ್ತು ಎಂದರು. ಮಕ್ಕಳಿಗೆ ಎಷ್ಟು ತೋರಿಸಬೇಕು ಎಂಬ ಗೊಂದಲ ಕಾವೂರಿನ ನಿರುದ್ಯೋಗಿಗೆ ಮಾತ್ರ ಅಲ್ಲ ಎಂದು ನನಗೂ ಸ್ವಲ್ಪ ಧೈರ್ಯ ಬಂತು.

ಇನ್ನೊಂದು ತೊಂದರೆ ಭಾಷೆಯದು. ಆರು ವರ್ಷದವರು ಸಬ್‌ಟೈಟಲ್ ಓದುವುದಿಲ್ಲ. ನಾನು ಪಕ್ಕದಲ್ಲಿ ಕೂತು ತುಳು-ಕನ್ನಡ ಸೇರಿಸಿ ಭಾಷಾಂತರ ಮಾಡುತ್ತಾ ಹೋದರೆ 'ನೀನು ಸುಮ್ಮನೆ ಕೂತ್ಕೋ' ಎನ್ನುತ್ತಾಳೆ. ಹಾಗಾಗಿ ಶುರು ಮಾಡುವವರಿಗೆ ನನ್ನ ಸಲಹೆ, ಮಾತಿಲ್ಲದ ಸಿನಿಮಾ. 2019ರ 'ಶಾನ್ ದ ಶೀಪ್: ಫಾರ್ಮಗೆಡ್ಡನ್' ಇದಕ್ಕೆ ಹೇಳಿ ಮಾಡಿಸಿದ್ದು. ಅಪ್ಪ ಅಮ್ಮನ ಹಾರುವ ತಟ್ಟೆಯಲ್ಲಿ ಭೂಮಿಗೆ ಬಂದು ಸಿಕ್ಕಿಹಾಕಿಕೊಂಡ ಲೂ-ಲಾ ಎಂಬ ಮರಿ ಏಲಿಯನ್, ಅವಳನ್ನು ಮನೆ ಮುಟ್ಟಿಸುವ ಕುರಿಮರಿ. ಕೊನೆಗೆ ಅಪ್ಪ ಅಮ್ಮ ಹುಡುಕಿಕೊಂಡು ಬರುತ್ತಾರೆ. ನಾಲ್ಕು ವರ್ಷದವರಿಗೂ ಅರ್ಥವಾಗುತ್ತದೆ, ನಗು ಬರುತ್ತದೆ, ನಡುವೆ ಕರೆಂಟ್ ಹೋದರೂ ಕಥೆ ತಪ್ಪುವುದಿಲ್ಲ.

ಅದಾದ ಮೇಲೆ 'ವಾಲ್-ಇ' (2008). ಮೊದಲ ಅರ್ಧ ಗಂಟೆ ಹೆಚ್ಚುಕಡಿಮೆ ಮಾತೇ ಇಲ್ಲ. ಮನುಷ್ಯರು ಭೂಮಿಯನ್ನು ಕಸದಿಂದ ತುಂಬಿಸಿ ಬಿಟ್ಟು ಹೋಗಿದ್ದಾರೆ, ಒಂದು ಪುಟ್ಟ ರೋಬೋಟು ಏಳುನೂರು ವರ್ಷಗಳಿಂದ ಅದನ್ನು ಒತ್ತಿ ಒತ್ತಿ ಪೇರಿಸುತ್ತಿದೆ. ಕಸದ ಗೋಪುರಗಳು ಕಂಡ ಕೂಡಲೇ ಅವಳು ಕೇಳಿದಳು, 'ಇದು ಪಚ್ಚನಾಡಿಯಾ?' 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ತೋಟ, ಮನೆಗಳ ಮೇಲೆ ಹರಿದದ್ದನ್ನು ದೊಡ್ಡವರ ಬಾಯಿಂದ ಕೇಳಿದ್ದಾಳೆ. ಹಾಲಿವುಡ್ಡು 29ನೇ ಶತಮಾನಕ್ಕೆ ಇಟ್ಟ ಕಥೆಯನ್ನು ಅವಳು ನಮ್ಮ ಮನೆಯಿಂದ ಕೆಲವೇ ಕಿಲೋಮೀಟರಿಗೆ ತಂದಿಟ್ಟಳು.

ಅದೇ ಸಿನಿಮಾದ ಕೊನೆಗೆ ಒಂದು ಜಾಗ ಇದೆ. ಪುಡಿಯಾದ ವಾಲ್-ಇಯನ್ನು ಗೆಳತಿ ಈವ್ ರಿಪೇರಿ ಮಾಡುತ್ತಾಳೆ. ಎದ್ದು ನಿಂತವನಿಗೆ ಅವಳ ಗುರುತೇ ಸಿಗುವುದಿಲ್ಲ, ಮತ್ತೆ ಕಸ ಒತ್ತಲು ಹೊರಡುತ್ತಾನೆ. ನಾನು ಇದನ್ನು ಮೊದಲೇ ನೋಡಿದ್ದೆ, ಒಂದೆರಡು ನಿಮಿಷದಲ್ಲಿ ಸರಿಯಾಗುತ್ತದೆ ಎಂದು ಗೊತ್ತಿತ್ತು, ಅವಳಿಗೆ ಹೇಳಿಯೂ ಇದ್ದೆ. ಆದರೂ ಅವಳು ಚಾಪೆಯಿಂದ ಎದ್ದು ಬಂದು ನನ್ನ ಅಂಗಿ ಹಿಡಿದು ನಿಂತಳು. ಅವಳಿಗೆ ಎರಡು ವರ್ಷವಿದ್ದಾಗ ಭಾವ ಊರಿಗೆ ಬಂದಿದ್ದರು. ವಿಮಾನ ನಿಲ್ದಾಣದಲ್ಲಿ ಕೈ ಚಾಚಿದರೆ ಅಕ್ಕನ ಹಿಂದೆ ಅಡಗಿ ಅತ್ತಿದ್ದಳಂತೆ. ಈ ಕಥೆ ಮನೆಯಲ್ಲಿ ತಮಾಷೆಗಾಗಿ ಹೇಳಿ ಹೇಳಿ ಅವಳಿಗೂ ಬಾಯಿಪಾಠ. ವಾಲ್-ಇಗೆ ಗುರುತು ಸಿಕ್ಕಿದ ಮೇಲೆ ಅವಳು ಆ ಜಾಗವನ್ನು ಮೂರು ಸಲ ಹಾಕಿಸಿದಳು. ಹಿಂದಿನದ್ದು ಬೇಡ, ಗುರುತು ಸಿಗುವುದು ಮಾತ್ರ. ಅವತ್ತಿನಿಂದ ರಿಮೋಟು ಅವಳ ಕೈಗೇ ಕೊಟ್ಟಿದ್ದೇನೆ. ಬೇಡ ಅನ್ನಿಸಿದರೆ ನಿಲ್ಲಿಸುತ್ತಾಳೆ, ಬೇಕಾದರೆ ಹಿಂದೆ ಹೋಗುತ್ತಾಳೆ. ಪಾಪ್‌ಕಾರ್ನಿನ ಕತ್ತಲೆಗಿಂತ ಮನೆಯ ಟಿವಿ ಈ ವಯಸ್ಸಿಗೆ ವಾಸಿ ಎಂದು ನಾನು ಹೇಳುವುದು ಇದಕ್ಕೇ.

ನಮ್ಮ ದೇಶದ್ದೂ ನೋಡಿದ್ದೇವೆ. 'ಕೋಯಿ ಮಿಲ್ ಗಯಾ' (2003) ಉದ್ದ ಸುಮಾರು ಮೂರು ಗಂಟೆ, ಶುರುವಿಗೇ ಅಪ್ಪ ಅಪಘಾತದಲ್ಲಿ ಸಾಯುತ್ತಾನೆ. ನಾನು ಜಾದೂ ಬರುವಲ್ಲಿಂದ ಹಾಕಿದೆ. ಜಾದೂಗೆ ಶಕ್ತಿ ಬರುವುದು ಬಿಸಿಲಿನಿಂದ ಎಂದು ಗೊತ್ತಾದ ಮೇಲೆ ಕಿಟಕಿಯಾಚೆ ಸುರಿಯುವ ಜುಲೈ ಮಳೆ ನೋಡಿ 'ಇವ ಮಂಗಳೂರಿಗೆ ಬಂದ್ರೆ ಕಷ್ಟ' ಎಂದಳು. ಮಲಯಾಳದ 'ಆಂಡ್ರಾಯ್ಡ್ ಕುಂಞಪ್ಪನ್' (2019) ಮಕ್ಕಳಿಗಾಗಿ ಮಾಡಿದ್ದಲ್ಲ, ಆದರೆ ಕಥೆ ನಡೆಯುವುದು ಕಾಸರಗೋಡು ದಾಟಿದರೆ ಸಿಗುವ ಪಯ್ಯನ್ನೂರಿನಲ್ಲಿ. ಕೆಲಸಕ್ಕೆ ವಿದೇಶಕ್ಕೆ ಹೊರಟ ಮಗ, ಹಟಮಾರಿ ಅಪ್ಪನನ್ನು ನೋಡಿಕೊಳ್ಳಲು ಒಂದು ರೋಬೋಟು ತಂದು ಬಿಡುತ್ತಾನೆ. ಮುಂಡು ಉಟ್ಟ ರೋಬೋಟು ತೆಂಗಿನ ತೋಟದ ನಡುವೆ ನಡೆಯುವ ತುಂಡುಗಳನ್ನು ಮಾತ್ರ ತೋರಿಸಿದೆ. ನಮ್ಮ ಅಜ್ಜನಿಗೆ ಅದು ಅವಳಿಗಿಂತ ಹೆಚ್ಚು ಹಿಡಿಸಿತು.

ಕನ್ನಡದಲ್ಲಿ? ಉಪೇಂದ್ರ ರೋಬೋಟ್ ಆದ 'ಹಾಲಿವುಡ್' 2002ರಲ್ಲೇ ಬಂದಿತ್ತು. 2024ರಲ್ಲಿ ಬಂದ 'ಬ್ಲಿಂಕ್' ಕಾಲದಲ್ಲಿ ಹಿಂದೆ ಮುಂದೆ ಹೋಗುವ ಒಳ್ಳೆಯ ಕಥೆ, ನಮ್ಮ ನಿಮ್ಮ ವಯಸ್ಸಿನವರಿಗೆ. ಆದರೆ ಆರು ವರ್ಷದ ಮಗುವನ್ನು ಕೂರಿಸಿಕೊಂಡು ನೋಡುವಂಥದ್ದು ನನಗೆ ಸಿಕ್ಕಿಲ್ಲ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ಮಕ್ಕಳಿಗಾಗಿ 'ಬಾಲಪ್ರಪಂಚ' ಬರೆದ ಜಿಲ್ಲೆ ಇದು. ಸಿನಿಮಾ ಕಲಿಯುತ್ತಿರುವ ಗೆಳೆಯರು ಯಾರಾದರೂ ಓದುತ್ತಿದ್ದರೆ, ಜಾಗ ಖಾಲಿ ಇದೆ.

ಇನ್ನು 'ಇಂಟರ್‌ಸ್ಟೆಲ್ಲರ್' ವಿಷಯ. 2025ರ ಫೆಬ್ರುವರಿಯಲ್ಲಿ ಅದು ಮತ್ತೆ ಚಿತ್ರಮಂದಿರಗಳಿಗೆ ಬಂದಾಗ ಗೆಳೆಯರೆಲ್ಲ 'ಅವಳಿಗೂ ತೋರಿಸು ಮಾರಾಯ, ವಿಜ್ಞಾನ ಕಲಿತಾಳೆ' ಎಂದರು. ಅದರಲ್ಲಿ ರಕ್ತ ಇಲ್ಲ, ರಾಕ್ಷಸರಿಲ್ಲ. ಸರ್ಟಿಫಿಕೇಟಿನ ಲೆಕ್ಕದಲ್ಲಿ ಎಷ್ಟೋ ಸೌಮ್ಯ. ಆದರೆ ಕಥೆ ಏನು? ಮಗಳು ಬೇಡ ಬೇಡ ಎಂದರೂ ಅಪ್ಪ ಹೊರಡುತ್ತಾನೆ. ಅವನು ಇಳಿದ ಗ್ರಹದಲ್ಲಿ ಒಂದು ಗಂಟೆ ಎಂದರೆ ಭೂಮಿಯ ಏಳು ವರ್ಷ. ಹಡಗಿಗೆ ಮರಳುವಷ್ಟರಲ್ಲಿ 23 ವರ್ಷ ಕಳೆದು, ಮಕ್ಕಳು ಕಳಿಸಿದ ವಿಡಿಯೊಗಳು ಸಾಲಾಗಿ ಕಾದಿರುತ್ತವೆ. ನಮ್ಮ ಮನೆಯಲ್ಲಿ ಶಾರ್ಜಾ ಸಮಯ ಇಲ್ಲಿಗಿಂತ ಒಂದೂವರೆ ಗಂಟೆ ಹಿಂದೆ ಎಂದು ಗೋಡೆ ಗಡಿಯಾರ ನೋಡಿ ಲೆಕ್ಕ ಹಾಕಲು ಕಲಿತವಳು ಅವಳು. 'ಅಪ್ಪನ ಹತ್ರ ಟೈಮ್ ಯಾಕೆ ಬೇರೆ?' ಎಂದು ಈಗಾಗಲೇ ಕೇಳಿಯಾಗಿದೆ. ನಾನು ಆ ಸಿನಿಮಾವನ್ನು ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ನೋಡಿದೆ. ನನಗೇ ಕಣ್ಣು ಒದ್ದೆಯಾಯಿತು. ಅವಳಿಗೆ ಹನ್ನೆರಡು ಆಗಲಿ, ನೋಡೋಣ.

ಇದರ ಬದಲು ನಿಜವಾದದ್ದನ್ನು ತೋರಿಸಿದೆ. ಸುನೀತಾ ವಿಲಿಯಮ್ಸ್ 2024ರ ಜೂನ್‌ನಲ್ಲಿ ಸುಮಾರು ಎಂಟು ದಿನಕ್ಕೆಂದು ಬಾಹ್ಯಾಕಾಶಕ್ಕೆ ಹೋಗಿ, ಒಂಬತ್ತು ತಿಂಗಳು ಅಲ್ಲೇ ಉಳಿದು, 2025ರ ಮಾರ್ಚ್‌ನಲ್ಲಿ ಸಮುದ್ರಕ್ಕೆ ಇಳಿದರಲ್ಲ, ಆ ವಿಡಿಯೊ. ಪ್ಯಾರಾಶೂಟ್ ಬಿಚ್ಚಿಕೊಳ್ಳುವುದು, ಅವರು ಹೊರಬಂದು ಕೈ ಬೀಸುವುದು. 'ಅವರ ರಜೆ ಕ್ಯಾನ್ಸಲ್ ಆದದ್ದಾ?' ಎಂದು ಕೇಳಿದಳು. ಗಲ್ಫ್ ಮನೆಯ ಮಗುವಿಗೆ ಬೇರೆ ವಿವರಣೆಯೇ ಬೇಡ. ಹಾಗೆಯೇ 1902ರಲ್ಲಿ ಜಾರ್ಜ್ ಮೆಲಿಯೆ ಮಾಡಿದ 'ಎ ಟ್ರಿಪ್ ಟು ದ ಮೂನ್' ಹಾಕಿ, ಚಂದ್ರನ ಕಣ್ಣಿಗೇ ರಾಕೆಟು ಚುಚ್ಚಿದ್ದಕ್ಕೆ ಅವಳು ಬಿದ್ದು ಬಿದ್ದು ನಕ್ಕ ಮೇಲೆ, 2023ರ ಆಗಸ್ಟ್ 23ರಂದು ನಮ್ಮ ವಿಕ್ರಮ್ ಮೆಲ್ಲಗೆ ಚಂದ್ರನ ಮೇಲೆ ಇಳಿದದ್ದನ್ನು ತೋರಿಸಿದೆ. ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಕ್ಕೂ ಹೋಗಿ ಬಂದೆವು. ತಲೆಯ ಮೇಲೆ ನಕ್ಷತ್ರಗಳು ತಿರುಗಲು ಶುರುವಾದಾಗ ಕೈ ಗಟ್ಟಿಯಾಗಿ ಹಿಡಿದಿದ್ದಳು. ಇಂಥವನ್ನು ಸಿನಿಮಾದ ಜೊತೆಗೇ ತೋರಿಸುತ್ತಾ ಹೋದರೆ 'ಇದು ನಿಜವಾ?' ಎಂಬ ಪ್ರಶ್ನೆಗೆ ಈಗ ಉಂಟು, ಮುಂದೆ ಬರಬಹುದು, ಬರೀ ಕಥೆ ಎಂದು ಮೂರು ಉತ್ತರ ಸಿಗುತ್ತದೆ. ಅವಳೇ ಈಗ ವಿಂಗಡಿಸುತ್ತಾಳೆ.

ನಿಮ್ಮ ಮನೆಯ ಮಗು ಹೆದರುವುದು ಬೇರೆ ಯಾವುದಕ್ಕೋ ಇರಬಹುದು. ನಾಯಿ ಸತ್ತ ಮನೆಯಲ್ಲಿ ಒಂದು, ಆಸ್ಪತ್ರೆ ಕಂಡ ಮಗುವಿಗೆ ಇನ್ನೊಂದು. ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಜೊತೆಗಿರುವವರಿಗೇ ಗೊತ್ತು. ಸಿನಿಮಾ ಮೊದಲೇ ನೋಡಿಟ್ಟುಕೊಳ್ಳುವ ಪುರುಸೊತ್ತು ಅಪ್ಪ ಅಮ್ಮಂದಿರಿಗೆ ಇರುವುದಿಲ್ಲ. ನಮಗೆ ಉಂಟು, ಸದ್ಯಕ್ಕೆ.

ಈ ವರ್ಷ ನನ್ನ ಆಯ್ಕೆ 'ದ ವೈಲ್ಡ್ ರೋಬೋಟ್' (2024). ದ್ವೀಪದಲ್ಲಿ ಬಿದ್ದ ರೋಜ್ ಎಂಬ ರೋಬೋಟು ತಾಯಿ ಇಲ್ಲದ ಹೆಬ್ಬಾತಿನ ಮರಿಯನ್ನು ಸಾಕುತ್ತದೆ. ಚಳಿಗಾಲ ಬರುವ ಮೊದಲು ಮರಿ ಹಾರಲು ಕಲಿತು ಹಿಂಡಿನ ಜೊತೆ ವಲಸೆ ಹೋಗಲೇಬೇಕು. ಆರಂಭದಲ್ಲಿ ಗೂಡು ಜಜ್ಜಿಹೋಗುವ ದೃಶ್ಯ ಇದೆ, ಸಾವಿನ ಬಗ್ಗೆ ತಮಾಷೆಗಳಿವೆ, ಸ್ವಲ್ಪ ಜಾಗ್ರತೆ. ಹಕ್ಕಿಗಳು ಸಾಲುಗಟ್ಟಿ ಹಾರಿ ಹೋಗುವಾಗ ಅವಳು ರಿಮೋಟು ಮುಟ್ಟಲಿಲ್ಲ. ವಸಂತದಲ್ಲಿ ಅವು ವಾಪಸ್ ಬಂದಾಗಲೂ ಏನೂ ಹೇಳಲಿಲ್ಲ. ರಾತ್ರಿ ವಿಡಿಯೊ ಕಾಲಿನಲ್ಲಿ ಅಪ್ಪನಿಗೆ ಇಡೀ ಕಥೆ ಹೇಳಿದಳು. ನೆಟ್‌ವರ್ಕ್ ಮೂರು ಸಲ ಕಡಿದುಹೋದರೂ ಬಿಡಲಿಲ್ಲ.

ಮರುವಾರ ಭಾವ ನನಗೆ ಫೋನ್ ಮಾಡಿದರು. ರಜೆ ದಿನ ರೂಮಿನಲ್ಲಿ ಮೊಬೈಲಿನಲ್ಲೇ ಆ ಸಿನಿಮಾ ನೋಡಿದರಂತೆ. ಪರೀಕ್ಷೆಯ ತಾರೀಕು ಕೇಳಿದರು, ಮಳೆ ಕೇಳಿದರು. ಇಡುವ ಮೊದಲು ಕೇಳಿದರು, 'ಆ ಹಕ್ಕಿಗಳು ವಾಪಸ್ ಬರ್ತವಲ್ಲ, ಅಲ್ಲಿವರೆಗೆ ತೋರಿಸಿದ್ದೀಯಲ್ಲ ನೀನು?'

ತೋರಿಸಿದ್ದೇನೆ ಭಾವ, ಎಂದೆ.