ಹಿಡಿದ ಯಂತ್ರಾಂಶವನ್ನು ಬಿಟ್ಟುಕೊಡುವ ಬಗೆ

ಪ್ರಿಂಟ್ ಕೊಟ್ಟರೆ ಹಾಡು ನಿಲ್ಲುವುದು, ಹಾಡು ಹಾಕಿದರೆ ಪ್ರಿಂಟರ್ ಮೌನವಾಗುವುದು: 1990ರ ದಶಕದ ಪಿಸಿಗಳಲ್ಲಿ ಇಂಥ ಕಾಟ ಇತ್ತು. ‘ನನ್ನ ಕಡೆ ನೋಡು’ ಎಂದು ಪ್ರೊಸೆಸರನ್ನು ಕರೆಯಲು ಪ್ರತಿ ಸಾಧನಕ್ಕೂ ಒಂದು ಇಂಟರಪ್ಟ್ ಲೈನ್ ಬೇಕು. 1984ರ ಐಬಿಎಂ ಪಿಸಿ ಎಟಿಯಲ್ಲಿ ಇದ್ದದ್ದು 16. ಅದರಲ್ಲೂ ಒಂದು ಲೈನು, ಇಂಟರಪ್ಟ್‌ಗಳನ್ನು ನಿಭಾಯಿಸುವ ಎರಡು ಚಿಪ್‌ಗಳನ್ನು ಬೆಸೆಯುವುದಕ್ಕೇ ಖರ್ಚಾಗುತ್ತಿತ್ತು. ಪ್ರಿಂಟರಿಗೆ ರೂಢಿಯಿಂದ ಬಂದದ್ದು 7ನೆಯದು. ಸೌಂಡ್ ಕಾರ್ಡಿನಲ್ಲಿ ಲೈನ್ ಆರಿಸುವ ಜಂಪರನ್ನೂ 7ಕ್ಕೇ ಸಿಕ್ಕಿಸಿದರೆ ಜಗಳ ಶುರು.

ಈ ಜಗಳ ತಪ್ಪಿಸಲು ಆಪರೇಟಿಂಗ್ ಸಿಸ್ಟಮ್ ಒಂದು ಲೆಕ್ಕದ ಪುಸ್ತಕ ಇಡುತ್ತದೆ. ಸಾಧನವನ್ನು ಮುಟ್ಟುವ ಮುಂಚೆ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ತನಗೆ ಬೇಕಾದ ಪೋರ್ಟ್ ವಿಳಾಸ, ಮೆಮೊರಿ ವಿಳಾಸ, ಇಂಟರಪ್ಟ್ ಲೈನುಗಳನ್ನು ಕೇಳಿ ತನ್ನ ಹೆಸರಿಗೆ ಬರೆಸಿಕೊಳ್ಳಬೇಕು. ಲಿನಕ್ಸಿನ ‘ಪ್ರಾಕ್’ ಫೋಲ್ಡರಿನಲ್ಲಿರುವ ‘ಐಒಪೋರ್ಟ್ಸ್’ ಕಡತ ತೆರೆದರೆ ಆ ಪುಟವೇ ಕಾಣುತ್ತದೆ: ಸಾಮಾನ್ಯ ಪಿಸಿಯಲ್ಲಿ 0060ರ ಮುಂದೆ ಕೀಬೋರ್ಡ್, 0070ರ ಮುಂದೆ ಗಡಿಯಾರ. (ರೂಟ್ ಹಕ್ಕಿಲ್ಲದೆ ತೆರೆದರೆ ವಿಳಾಸಗಳ ಜಾಗದಲ್ಲಿ ಬರೀ ಸೊನ್ನೆಗಳು.)

ಬಸ್ಸಿನ ಕಿಟಕಿಯಿಂದ ಸೀಟಿನ ಮೇಲೆ ಎಸೆದ ಕರ್ಚೀಫಿಗೆ ಎಷ್ಟು ಬಲವೋ, ಪೋರ್ಟ್ ವಿಳಾಸದ ಈ ಬರಹಕ್ಕೂ ಅಷ್ಟೇ. ಕೇಳದೆಯೇ ಆ ಪೋರ್ಟಿಗೆ ಬರೆಯುವ ಡ್ರೈವರನ್ನು ಪ್ರೊಸೆಸರ್ ತಡೆಯುವುದಿಲ್ಲ. ಡ್ರೈವರ್ ಓಡುವುದು ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ಲಿನೊಳಗೆ; ಅಲ್ಲಿ ಓಡುವ ಕೋಡಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಎಲ್ಲರೂ ಕೇಳಿಯೇ ಮುಟ್ಟುತ್ತಾರೆ ಎಂಬ ಒಪ್ಪಂದದ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಕೇಳುವುದರಲ್ಲೂ ಒಂದು ಸೂಕ್ಷ್ಮವಿದೆ. ಹಿಂದೆ ಲಿನಕ್ಸಿನಲ್ಲಿ ‘ಚೆಕ್ ರೀಜನ್’ ಎಂಬ ಫಂಕ್ಷನ್ ಇತ್ತು. ಮೊದಲು ಅದರಿಂದ ವಿಳಾಸ ಖಾಲಿಯೇ ಎಂದು ನೋಡಿ, ಆಮೇಲೆ ‘ರಿಕ್ವೆಸ್ಟ್ ರೀಜನ್’ ಮೂಲಕ ಹಿಡಿಯುವುದು ಪದ್ಧತಿ. ನೋಡಿದ್ದಕ್ಕೂ ಹಿಡಿದದ್ದಕ್ಕೂ ನಡುವಿನ ಕ್ಷಣದಲ್ಲಿ ಇನ್ನೊಂದು ಡ್ರೈವರ್ ನುಗ್ಗಿಬಿಟ್ಟರೆ? ಹಾಗಾಗಿ ಚೆಕ್ ರೀಜನ್ನನ್ನು ಕೈಬಿಡಲಾಯಿತು. ಈಗ ಹಿಡಿಯುವ ಫಂಕ್ಷನ್ನೇ ‘ಸಿಕ್ಕಿತು’ ಅಥವಾ ‘ಇಲ್ಲ’ ಎಂದು ಒಂದೇ ಏಟಿಗೆ ಹೇಳುತ್ತದೆ.

ಆದರೆ ನಿಜವಾದ ಕಷ್ಟ ಇರುವುದು ಬಿಡುವುದರಲ್ಲಿ. ನೆಟ್‌ವರ್ಕ್ ಕಾರ್ಡಿನ ಡ್ರೈವರ್ ಮೆಮೊರಿ ವಿಳಾಸ ಹಿಡಿಯಿತು, ಅದನ್ನು ತಾನು ಬಳಸುವಂತೆ ಮ್ಯಾಪ್ ಮಾಡಿಕೊಂಡಿತು, ಇಂಟರಪ್ಟ್ ಕೇಳಿದಾಗ ಮಾತ್ರ ‘ಇಲ್ಲ’ ಎಂಬ ಉತ್ತರ ಬಂತು ಎನ್ನಿ. ಈಗ ಹಿಂದಿನ ಎರಡನ್ನೂ ಬಿಚ್ಚಬೇಕು, ಅದೂ ಕೊನೆಯಲ್ಲಿ ಹಿಡಿದದ್ದನ್ನು ಮೊದಲು. ಕೆಲಸ ಮುಗಿಸಿ ಹೊರಡುವಾಗಲೂ ಇದೇ ಕ್ರಮ. ಇಂಟರಪ್ಟನ್ನು ಬಿಡುವ ಮೊದಲೇ ಮ್ಯಾಪನ್ನು ಕಿತ್ತರೆ, ಆ ನಡುವೆ ಕಾರ್ಡ್ ಕರೆದಾಗ ಇಲ್ಲದ ವಿಳಾಸಕ್ಕೆ ಡ್ರೈವರ್ ಕೈಹಾಕಿ ಕರ್ನಲ್ಲನ್ನೇ ಬೀಳಿಸಬಹುದು. ಬಿಡುವುದನ್ನೇ ಮರೆತರೆ ಇನ್ನೊಂದು ಅಪಾಯ. ಲೆಕ್ಕದ ಪುಸ್ತಕದಲ್ಲಿ ಇರುವುದು ಡ್ರೈವರಿನ ಹೆಸರಲ್ಲ, ಆ ಹೆಸರು ಇರುವ ಜಾಗದ ವಿಳಾಸ. ಡ್ರೈವರನ್ನು ಮೆಮೊರಿಯಿಂದ ತೆಗೆದ ಮೇಲೆ ಆ ಜಾಗವೇ ಇರುವುದಿಲ್ಲ. ಯಾರೋ ಸುಮ್ಮನೆ ಪಟ್ಟಿ ಓದಲು ಹೋದರೂ ಕರ್ನಲ್ ಎಡವಬಹುದು.

ಇಂಥ ತಪ್ಪುಗಳು ಹೆಚ್ಚಾಗಿ ಅಡಗಿರುವುದು ವಿಫಲವಾದಾಗಷ್ಟೇ ಓಡುವ, ಯಾರೂ ಸರಿಯಾಗಿ ಪರೀಕ್ಷಿಸದ ಸಾಲುಗಳಲ್ಲಿ. ಇದಕ್ಕೆ ಪರಿಹಾರವಾಗಿ 2007ರಲ್ಲಿ ಟೆಜುನ್ ಹಿಯೊ ಅವರ ‘ಡೆವ್‌ರೆಸ್’ ವ್ಯವಸ್ಥೆ ಲಿನಕ್ಸಿಗೆ ಸೇರಿತು. ಡ್ರೈವರ್ ಅದರ ಮೂಲಕ ಹಿಡಿದದ್ದನ್ನೆಲ್ಲ ಕರ್ನಲ್ಲೇ ಆ ಸಾಧನದ ಹೆಸರಿನಲ್ಲಿ ಗುರುತಿಟ್ಟುಕೊಂಡು, ಆರಂಭ ವಿಫಲವಾದಾಗ ಅಥವಾ ಸಾಧನ ಕಳಚಿದಾಗ ಹಿಮ್ಮುಖವಾಗಿ ತಾನೇ ಬಿಡುತ್ತದೆ. ಡ್ರೈವರ್ ಬರೆಯುವವರಿಗೆ ಸಿಕ್ಕ ದೊಡ್ಡ ಉಪಕಾರಗಳಲ್ಲಿ ಇದೊಂದು ಎಂದೇ ನನ್ನ ಭಾವನೆ. ಹಾಗೆಂದು ಮೈಮರೆಯುವಂತಿಲ್ಲ. ಕರ್ನಲ್ ಹೀಗೆ ಇಂಟರಪ್ಟ್ ಬಿಡುವುದು ಡ್ರೈವರಿನ ಸ್ವಂತ ವಿದಾಯದ ಕೆಲಸ ಮುಗಿದ ಮೇಲೆ. ಆ ವಿದಾಯದಲ್ಲಿ ಡ್ರೈವರ್ ತನ್ನ ಬಫರನ್ನು (ದತ್ತಾಂಶ ಇಡುವ ಮೆಮೊರಿ ಜಾಗವನ್ನು) ಕೈಯಾರೆ ಬಿಟ್ಟುಕೊಟ್ಟಿದ್ದರೆ, ಇನ್ನೂ ಜೀವಂತವಿರುವ ಇಂಟರಪ್ಟ್ ಅದೇ ಬಫರನ್ನು ಹುಡುಕಿಕೊಂಡು ಬರಬಹುದು. ಹಾಗಾಗಿ ಬಫರಿಗೆ ಕೈಹಾಕುವ ಮುಂಚೆ ಸಾಧನಕ್ಕೆ ಇಂಟರಪ್ಟ್ ಕಳಿಸಬೇಡವೆಂದು ಹೇಳಿ, ಅದಾಗಲೇ ಓಡುತ್ತಿರುವ, ಇಂಟರಪ್ಟಿಗೆ ಓಗೊಡುವ ಹ್ಯಾಂಡ್ಲರ್ ಫಂಕ್ಷನ್ ಮುಗಿಯುವವರೆಗೆ ಕಾಯಬೇಕು.