ದೊಡ್ಡ ಪಿಸ್ತೂಲಿಗೆ ಸಣ್ಣ ತೋಟೆ

ಎನ್.ಸಿ.ಸಿ. ಶಿಬಿರ ಮುಗಿಸಿ ಬಂದ ಹುಡುಗರನ್ನು ಒಮ್ಮೆ ಮಾತನಾಡಿಸಿ ನೋಡಿ. ಪೆರೇಡಿನ ಬಿಸಿಲು, ಡೇರೆಯ ಸೆಕೆ, ಊಟದ ಸಾಲು ಇವೆಲ್ಲ ಎರಡು ಮಾತಿನಲ್ಲಿ ಮುಗಿದಾವು. ಕೋವಿ ಹಿಡಿದು ಗುರಿ ಹೊಡೆದ ಸುದ್ದಿಗೆ ಮಾತ್ರ ಕೊನೆಯಿಲ್ಲ. ಆದರೆ ಎಷ್ಟು ಗುಂಡು ಹೊಡೆದಿರಿ ಎಂದು ಕೇಳಿದರೆ ಕೈಬೆರಳಲ್ಲಿ ಎಣಿಸುವಷ್ಟೇ ಲೆಕ್ಕ. ಅದೂ ಪಾಯಿಂಟ್ 22 ಎಂಬ ಸಣ್ಣ ತೋಟೆ. "ದೊಡ್ಡ ಗುಂಡು ಯಾಕೆ ಕೊಡುವುದಿಲ್ಲ?" ಎಂಬುದು ಆ ಮಕ್ಕಳ ಪ್ರಶ್ನೆ. ಈ ಪ್ರಶ್ನೆಯ ಉತ್ತರಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರಲ್ಲಿ ಪಿಸ್ತೂಲಿಗೆ ಸಂಬಂಧಿಸಿದ ಅಧ್ಯಾಯವಂತೂ ಬಹಳ ಸ್ವಾರಸ್ಯಕರವಾದುದು.

ಗುರಿ ಹೊಡೆಯುವುದು ಓದಿ ಬರುವ ವಿದ್ಯೆಯಲ್ಲ. ಹಾಡುತ್ತಾ ಹಾಡುತ್ತಾ ರಾಗ ಎನ್ನುವಂತೆ ಹೊಡೆದು ಹೊಡೆದೇ ಕೈ ಪಳಗಬೇಕು. ಆದರೆ ಹಾಡಿಗೆ ಖರ್ಚಿಲ್ಲ, ಗುಂಡಿಗೆ ಖರ್ಚಿದೆ. ಒಂದೊಂದು ಸಲ ಟ್ರಿಗರ್ ಎಳೆದಾಗಲೂ ಸೀಸ, ಹಿತ್ತಾಳೆ, ಮದ್ದು ಮೂರೂ ವ್ಯಯವಾಗುತ್ತವೆ. ಹಾಗೆಂದು ಅಭ್ಯಾಸ ಬಿಡುವಂತಿಲ್ಲ. ಪಳಗದ ಕೈಯಲ್ಲಿರುವ ಆಯುಧ ಎದುರಿಗಿದ್ದವನಿಗಿಂತ ಪಕ್ಕದಲ್ಲಿದ್ದವನಿಗೇ ಹೆಚ್ಚು ಅಪಾಯಕಾರಿ. ನಮ್ಮ ಹಿರಿಯರು ಮಕ್ಕಳಿಗೆ ಮೊದಲು ಹೊಯ್ಗೆಯ ಮೇಲೆ ಅಕ್ಷರ ತಿದ್ದಿಸಿ, ಬಳಿಕ ಸ್ಲೇಟು ಕೊಟ್ಟು, ಕೈ ಕುದುರಿದ ಮೇಲೆ ಕಾಗದ ಕೊಡುತ್ತಿದ್ದರಲ್ಲವೇ? ಕೋವಿಯ ವಿದ್ಯೆಗೆ ಅಂತಹ ಹೊಯ್ಗೆಯಾಗಿ ಒದಗಿದ್ದು ಪಾಯಿಂಟ್ 22 ತೋಟೆ.

ಈ ತೋಟೆ ಅಗ್ಗವಾಗಲು ಅದರ ರಚನೆಯೇ ಕಾರಣ. ಹಳೆಯ ಕೇಪಿನ ಕೋವಿಯನ್ನು ಕಂಡವರಿಗೆ ಇದು ಬೇಗ ಅರ್ಥವಾದೀತು. ದೊಡ್ಡ ತೋಟೆಗಳಲ್ಲಿ ತಳದ ನಡುವೆ ಒಂದು ಗುಳಿ ಮಾಡಿ, ಅಲ್ಲಿ ಕೇಪನ್ನು ಪ್ರತ್ಯೇಕವಾಗಿ ಕೂರಿಸುತ್ತಾರೆ. ಸಣ್ಣ ತೋಟೆಯಲ್ಲಿ ಬೇರೆ ಕೇಪೇ ಇಲ್ಲ. ತೆಳು ಹಿತ್ತಾಳೆಯ ತಳದಂಚನ್ನು ಮಡಚಿ, ಆ ಮಡಿಕೆಯ ಒಳಗೇ ಕಿಡಿಮದ್ದನ್ನು ತುಂಬಿರುತ್ತಾರೆ. ಕೋವಿಯ ಮುಳ್ಳು ಅಂಚಿಗೆ ಬಡಿದರೆ ಸಾಕು, ಕಿಡಿ ಹೊತ್ತುತ್ತದೆ. ಇದಕ್ಕೆ ರಿಮ್‌ಫೈರ್ ಎಂದು ಹೆಸರು. ಅಮೆರಿಕದ ಸ್ಮಿತ್ ಎಂಡ್ ವೆಸನ್ ಕಂಪೆನಿ 1857ರಲ್ಲಿ ಇಂತಹ ತೋಟೆಯ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ 22 ಲಾಂಗ್ ರೈಫಲ್ ತೋಟೆ ಹುಟ್ಟಿದ್ದು 1887ರಲ್ಲಿ. ಇದರ ಗುಂಡಿನ ತೂಕ ಸುಮಾರು 2.6 ಗ್ರಾಂ. ಪಾಯಿಂಟ್ 45 ಪಿಸ್ತೂಲಿನ ಗುಂಡಾದರೋ ಸುಮಾರು 15 ಗ್ರಾಂ. ಸೀಸವೊಂದರಲ್ಲೇ ಎಷ್ಟು ಉಳಿತಾಯವೆಂದು ವಾಚಕರೇ ಲೆಕ್ಕ ಹಾಕಬಹುದು.

ದೊಡ್ಡ ಕೋವಿಗೆ ಸಣ್ಣ ತೋಟೆ ಹಾಕುವ ಉಪಾಯವನ್ನು ಮೊದಲು ಮಾಡಿದ್ದು ರೈಫಲಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ರಿಟಿಷ್ ಸೈನ್ಯವು ಮಾರ್ಟಿನಿ ಹೆನ್ರಿ ರೈಫಲಿನ ನಳಿಗೆಯೊಳಗೆ ಮಾರಿಸ್ ಟ್ಯೂಬ್ ಎಂಬ ಇನ್ನೊಂದು ಕಿರು ನಳಿಗೆಯನ್ನು ತೂರಿಸಿ ಸೈನಿಕರಿಗೆ ತರಬೇತಿ ಕೊಡುತ್ತಿತ್ತು. ಮುಂದೆ 303 ರೈಫಲುಗಳನ್ನೇ ಪಾಯಿಂಟ್ 22ಕ್ಕೆ ಮಾರ್ಪಡಿಸಿದರು. ನಮ್ಮಲ್ಲಿ ಹಿಂದೆ ಎನ್.ಸಿ.ಸಿ.ಯಲ್ಲಿದ್ದವರು ಹೆಗಲಿಗೊತ್ತಿ ಹೊಡೆದ ಭಾರದ ಮರದ ರೈಫಲುಗಳು ಇದೇ ವಂಶದವು.

ಪಿಸ್ತೂಲಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಅಮೆರಿಕದ ಸೈನ್ಯ 1911ರಲ್ಲಿ ಕೋಲ್ಟ್ ಕಂಪೆನಿಯ ಪಾಯಿಂಟ್ 45 ಪಿಸ್ತೂಲನ್ನು ಅಂಗೀಕರಿಸಿತು. ಇದು ತಾನೇ ತುಂಬಿಕೊಳ್ಳುವ ಪಿಸ್ತೂಲು. ಗುಂಡು ಹಾರಿದ ಒದೆತಕ್ಕೆ ಸ್ಲೈಡ್ ಎಂಬ ಮೇಲಿನ ಭಾಗ ಹಿಂದೆ ಸರಿದು, ಖಾಲಿ ತೋಟೆಯನ್ನು ಹೊರಗೆಸೆದು, ಮರಳುವಾಗ ಹೊಸದನ್ನು ತುಂಬುತ್ತದೆ. ಆದರೆ ಆ ಭಾರದ ಸ್ಲೈಡನ್ನು ತಳ್ಳುವ ಶಕ್ತಿ ಸಣ್ಣ ತೋಟೆಗೆಲ್ಲಿಂದ ಬರಬೇಕು? ಆರ್ಥಿಕ ಮುಗ್ಗಟ್ಟು ಅಮೆರಿಕವನ್ನು ಕಾಡುತ್ತಿದ್ದ 1931ರಲ್ಲಿ ಕೋಲ್ಟ್ ಕಂಪೆನಿ ಸ್ಲೈಡಿನ ಭಾರವನ್ನು ಇಳಿಸಿ 'ಏಸ್' ಎಂಬ ಪಾಯಿಂಟ್ 22 ಪಿಸ್ತೂಲನ್ನು ಹೊರತಂದಿತು. ಗುಂಡೇನೋ ಅಗ್ಗವಾಯಿತು. ಆದರೆ ಕೈಗೆ ಒದೆತವೇ ತಾಗದು. ಏಸ್‌ನಲ್ಲಿ ಪಳಗಿದವನು 45 ಹಿಡಿದರೆ ಮತ್ತೆ ಬೆಚ್ಚಿಬೀಳುವವನೇ.

ಈ ಕೊರತೆಯನ್ನು ನೀಗಿದವನ ಕಥೆ ವಿಚಿತ್ರವಾದುದು. ಉತ್ತರ ಕೆರೊಲಿನಾದ ಡೇವಿಡ್ ಮಾರ್ಶಲ್ ವಿಲಿಯಮ್ಸ್ ಕಳ್ಳಭಟ್ಟಿಯವನು. 1921ರಲ್ಲಿ ಅವನ ಭಟ್ಟಿಯ ಮೇಲೆ ದಾಳಿಯಾದಾಗ ಒಬ್ಬ ಅಧಿಕಾರಿ ಗುಂಡಿಗೆ ಬಲಿಯಾದನು. ವಿಲಿಯಮ್ಸ್ ದೀರ್ಘಾವಧಿಯ ಸೆರೆವಾಸಕ್ಕೆ ಗುರಿಯಾದನು. ಸೆರೆಮನೆಯ ಕಮ್ಮಟದಲ್ಲೇ ಕೋವಿಯ ಯಂತ್ರವಿದ್ಯೆಯಲ್ಲಿ ಮುಳುಗಿದ್ದ ಈತ 1929ರಲ್ಲಿ ಬಿಡುಗಡೆ ಹೊಂದಿದನು. ತೋಟೆ ಕೂರುವ ಗೂಡನ್ನೇ ನಳಿಗೆಯಿಂದ ಬೇರ್ಪಡಿಸಿ ಅತ್ತಿತ್ತ ಸರಿಯುವಂತೆ ಮಾಡಿದ್ದು ಈತನ ಉಪಾಯ. ಮದ್ದಿನ ಹೊಗೆ ಆ ಗೂಡಿನ ಅಗಲವಾದ ಮುಖವನ್ನು ಒತ್ತುವುದರಿಂದ ಸಣ್ಣ ತೋಟೆಯ ಒದೆತ ಹಲವು ಪಟ್ಟು ಹೆಚ್ಚಿ, ಭಾರದ ಸ್ಲೈಡನ್ನೂ ಹಿಂದಕ್ಕೆ ತಳ್ಳುತ್ತದೆ. ಕೈಗೆ ತಾಗುವ ಪೆಟ್ಟು ಬಹುಮಟ್ಟಿಗೆ 45ರಂತೆಯೇ. ಈ ವ್ಯವಸ್ಥೆಯುಳ್ಳ 'ಸರ್ವಿಸ್ ಏಸ್' ಬಂದ ಬಳಿಕ, 1938ರಲ್ಲಿ ಕೋಲ್ಟ್ ಕಂಪೆನಿ ಬರೇ ಮೇಲಿನ ಭಾಗವನ್ನು, ಎಂದರೆ ಸ್ಲೈಡು, ನಳಿಗೆ ಮತ್ತು ಮ್ಯಾಗಜೀನನ್ನು ಒಂದು ಜೋಡಣೆಯಾಗಿ ಮಾರತೊಡಗಿತು. ಹಿಡಿ ಅದೇ, ಟ್ರಿಗರ್ ಅದೇ, ತೋಟೆ ಮಾತ್ರ ಸಣ್ಣದು. ಎರಡನೆಯ ಪಿಸ್ತೂಲು ಕೊಳ್ಳುವ ಹೊರೆ ತಪ್ಪಿತು. ವಿಲಿಯಮ್ಸ್‌ನ ಬಾಳಿನ ಮೇಲೆ 1952ರಲ್ಲಿ ಹಾಲಿವುಡ್ಡಿನಲ್ಲಿ ಚಲನಚಿತ್ರವೂ ಬಂತು.

ಸ್ವಿಟ್ಜರ್ಲೆಂಡಿನ ಸಿಗ್ ಪಿ 210, ಝೆಕ್ ದೇಶದ ಸಿಝಡ್ 75, ಆಸ್ಟ್ರಿಯಾದ ಗ್ಲಾಕ್ ಮೊದಲಾದ ಪಿಸ್ತೂಲುಗಳಿಗೂ ಮುಂದೆ ಇಂತಹ ಜೋಡಣೆಗಳು ಬಂದುವು. ಈಗಿನ ಹಲವು ಜೋಡಣೆಗಳ ಸ್ಲೈಡು ಹಗುರವಾದ ಅಲ್ಯೂಮಿನಿಯಂ ಮಿಶ್ರಲೋಹದ್ದು. ಸರಿಯುವ ಗೂಡಿನ ಅಗತ್ಯ ಅವಕ್ಕಿಲ್ಲ. ಆದರೆ ಒದೆತವೂ ಇಲ್ಲ. ಆದುದರಿಂದ ಸಣ್ಣ ತೋಟೆಯಲ್ಲಿ ಬಹಳ ಹೊತ್ತು ಅಭ್ಯಾಸ ಮಾಡಿ, ಕೊನೆಗೆ ದೊಡ್ಡ ತೋಟೆಯಲ್ಲಿ ಕೆಲವಾದರೂ ಈಡು ಹೊಡೆದು ಮುಗಿಸುವುದು ಅಲ್ಲಿಯ ಅನುಭವಸ್ಥರ ಕ್ರಮ. ಗುರಿ ನೋಡುವುದು, ಉಸಿರು ಬಿಗಿಹಿಡಿಯುವುದು, ಟ್ರಿಗರನ್ನು ನಯವಾಗಿ ಎಳೆಯುವುದು ಇವನ್ನು ಸಣ್ಣ ತೋಟೆ ಕಲಿಸುತ್ತದೆ. ಪೆಟ್ಟನ್ನು ತಾಳಿಕೊಳ್ಳುವುದನ್ನು ಕಲಿಸದು. ಮಸಿ ಬೇಗ ಕಟ್ಟುವುದರಿಂದ ಆಗಾಗ ಒರಸಿ ಶುಚಿಮಾಡಬೇಕು. ಕೆಲವೊಮ್ಮೆ ತೋಟೆ ಠುಸ್ಸಾಗುವುದೂ ಉಂಟು. ಇನ್ನು ಸಣ್ಣ ಗುಂಡೆಂದು ಸದರ ಸಲ್ಲದು. ಅದೂ ಪ್ರಾಣ ತೆಗೆಯಬಲ್ಲದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ, ಗುರಿಯ ಹಿಂದೆ ಭದ್ರವಾದ ದಿಣ್ಣೆ ಇದಕ್ಕೂ ಬೇಕೇ ಬೇಕು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. ಅಮೆರಿಕದ ಕೇಂದ್ರ ಕಾನೂನಿನಂತೆ ಪಿಸ್ತೂಲಿನ ಕೆಳಭಾಗವೇ ಆಯುಧ. ಆದುದರಿಂದ ಮೇಲಿನ ಜೋಡಣೆಯನ್ನು ಅಂಗಡಿಯಲ್ಲಿ ಬಿಡಿಭಾಗದಂತೆ ಕೊಳ್ಳಬಹುದು. ನಮ್ಮ ದೇಶದಲ್ಲಿ ಹಾಗಲ್ಲ. 1959ರ ಆಯುಧ ಕಾಯಿದೆ ಆಯುಧದ ಭಾಗಗಳನ್ನೂ ಆಯುಧವೆಂದೇ ಎಣಿಸುತ್ತದೆ. ಲೈಸೆನ್ಸಿಲ್ಲದೆ ಯಾವ ಮಾರ್ಪಾಡಿಗೂ ಕೈ ಹಾಕುವಂತಿಲ್ಲ.

ಹಾಗಾದರೆ ನಮಗೇನು ಪ್ರಯೋಜನ ಎನ್ನಬೇಡಿ. 2012ರ ಲಂಡನ್ ಒಲಿಂಪಿಕ್ಸಿನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ನಮ್ಮ ಸೈನ್ಯದ ವಿಜಯಕುಮಾರ್ ಬೆಳ್ಳಿ ಗೆದ್ದದ್ದು ಇದೇ ಸಣ್ಣ ತೋಟೆಯಿಂದ. ಶಿಬಿರದಿಂದ ಬಂದು "ಬರೇ ಪಾಯಿಂಟ್ 22" ಎಂದು ಮುಖ ಸಣ್ಣದು ಮಾಡುವ ಮಕ್ಕಳಿಗೆ ಇದನ್ನು ಹೇಳಬೇಕು. ಹೊಯ್ಗೆಯಲ್ಲಿ ತಿದ್ದಿದ ಅಕ್ಷರವೂ ಅಕ್ಷರವೇ. ನೂರು ಸಲ ತಿದ್ದಲು ಸಿಗುವುದೇ ಹೊಯ್ಗೆಯ ದೊಡ್ಡ ಉಪಕಾರ.