ಕಂದು ಮೊಟ್ಟೆ ಎಲ್ಲಾ ನಾಟಿಯಲ್ಲ!

"ನಾಟೀನಾ, ಫಾರಂದಾ?" ಮೊಟ್ಟೆ ಅಂಗಡಿಯಲ್ಲಿ ಗಿರಾಕಿಯ ಮೊದಲ ಪ್ರಶ್ನೆ ಇದೇ. ಉತ್ತರಕ್ಕೂ ಕಾಯುವುದಿಲ್ಲ. ಕಂದು ಬಣ್ಣ ಕಂಡರೆ ನಾಟಿ ಅಂತ ಹೆಚ್ಚು ಕಾಸು ಬಿಚ್ಚುತ್ತಾರೆ, ಬಿಳಿ ಕಂಡರೆ ಮೂಗು ಮುರಿಯುತ್ತಾರೆ. ಹಳ್ಳಿಯಿಂದ ಬುಟ್ಟಿ ಹೊತ್ತು ಸಂತೆಗೆ ಬಂದ ಹೆಂಗಸಿನ ನಿಜವಾದ ನಾಟಿ ಮೊಟ್ಟೆ ಸ್ವಲ್ಪ ಬೆಳ್ಳಗಿದ್ದರೆ, "ಇದು ಫಾರಂದು ಕಣಮ್ಮಾ" ಎಂದು ಮುಂದೆ ಹೋಗುವವರೂ ಇದ್ದಾರೆ. ಇದೆಂಥಾ ನ್ಯಾಯ?

ಸಿಪ್ಪೆಯ ಬಣ್ಣ ಕೋಳಿಯ ತಳಿಗೆ ಸೇರಿದ್ದು. ಕೋಳಿ ತಿಪ್ಪೆ ಕೆದಕಿ ಬೆಳೆಯಿತೋ, ತಂತಿ ಗೂಡಿನಲ್ಲೇ ಮುದಿಯಾಯಿತೋ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ.

ಕೊನೆ ಗಳಿಗೆಯ ಬಣ್ಣ

ಕೋಳಿಯ ಹೊಟ್ಟೆಯಲ್ಲಿ ಮೊಟ್ಟೆಗೆ ಸುಣ್ಣದ ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಹಿಡಿಯುತ್ತದೆ. ಕಂದು ಮೊಟ್ಟೆಯ ಸಿಪ್ಪೆಯೂ ಮೂಲದಲ್ಲಿ ಬಿಳಿಯೇ. ಇಡುವ ಮುಂಚಿನ ಕೆಲವು ಗಂಟೆಗಳಲ್ಲಿ ಅದರ ಮೇಲೆ ಪ್ರೋಟೋಪಾರ್ಫಿರಿನ್ ಎಂಬ ಬಣ್ಣ ಲೇಪವಾಗುತ್ತದೆ. ಒಡೆದ ಸಿಪ್ಪೆಯ ಒಳಮೈ ನೋಡಿದರೆ ಗೊತ್ತಾಗುತ್ತದೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕಾನ ಕೋಳಿಯದ್ದು ನೀಲಿ ಮೊಟ್ಟೆ. ಅಲ್ಲಿ ಮಾತ್ರ ಬಣ್ಣ ಸಿಪ್ಪೆಯ ಒಳಗಿನವರೆಗೂ ಇಳಿದಿರುತ್ತದೆ.

ಜಾತಿಕೋಳಿಗೆ ಪುಸ್ತಕ

ಜಾತಿಕೋಳಿ ಸಾಕುವವರಿಗೆ ಲಕ್ಷಣದ ಪುಸ್ತಕವೇ ಉಂಟು. ಅಮೆರಿಕದಲ್ಲಿ ಅಂಥದ್ದು 1874ರಲ್ಲೇ ಅಚ್ಚಾಯಿತು. ಜುಟ್ಟು ಹೇಗಿರಬೇಕು, ಗರಿ ಯಾವ ಬಣ್ಣ, ತೂಕ ಎಷ್ಟು, ಎಲ್ಲಕ್ಕೂ ಲೆಕ್ಕ. ಕಂದು ಮೊಟ್ಟೆಯ ರೋಡ್ ಐಲೆಂಡ್ ರೆಡ್ ತಳಿ 1904ರಲ್ಲಿ ಅದರೊಳಗೆ ಸೇರಿತು. ಇಟಲಿ ಮೂಲದ ಲೆಗ್‌ಹಾರ್ನ್ ಇಡುವುದು ಅಚ್ಚ ಬಿಳಿ ಮೊಟ್ಟೆ.

ಫ್ರಾನ್ಸಿನ ಮಾರಾನ್ಸ್ ಸಾಕುವವರ ಪಟ್ಟು ಇನ್ನೂ ಬಿಗಿ. ಮೊಟ್ಟೆ ಚಾಕಲೇಟಿನಷ್ಟು ಕಂದಾಗಬೇಕು. ಬಣ್ಣ ಅಳೆಯಲು 1ರಿಂದ 9ರವರೆಗೆ ಪಟ್ಟಿ ಇದೆ. 4ಕ್ಕಿಂತ ತಿಳಿಯಾದರೆ ತಳಿಗೆ ತಕ್ಕ ಮೊಟ್ಟೆಯಲ್ಲ. ಹುಂಜ ಮೊಟ್ಟೆ ಇಡುವುದಿಲ್ಲ, ನಿಜ. ಆದರೆ ಮಗಳ ಮೊಟ್ಟೆಯ ಬಣ್ಣದಲ್ಲಿ ಅಪ್ಪನ ಪಾಲೂ ಇದೆ. ಹಾಗಾಗಿ ಗಾಢ ಬಣ್ಣದ ಮೊಟ್ಟೆಯಿಂದ ಹೊರಟ ಹುಂಜವನ್ನೇ ಅವರು ಉಳಿಸಿಕೊಳ್ಳುತ್ತಾರೆ. ಇಷ್ಟಾದರೂ ಕೋಳಿ ಇಡುತ್ತಾ ಇಡುತ್ತಾ ಬಣ್ಣ ತಿಳಿಯಾಗುತ್ತದೆ.

ನಮ್ಮ ಕೇರಿ ಕೋಳಿ

ನಮ್ಮ ನಾಟಿ ಕೋಳಿಗೆ ಯಾವ ಪುಸ್ತಕ? ಕೇರಿಯ ಹುಂಜ, ಪಕ್ಕದ ಮನೆ ಹ್ಯಾಟೆ, ಸಂಸಾರ ನಡೆದೇ ಇದೆ. ಆದ್ದರಿಂದ ಒಂದೇ ಬುಟ್ಟಿಯಲ್ಲಿ ಒಂದು ಕೆನೆ ಬಣ್ಣ, ಒಂದು ತಿಳಿ ಕಂದು, ಇನ್ನೊಂದು ಬಿಳಿಚು. ಗಾತ್ರವೂ ಚಿಕ್ಕದು. ವರ್ಷಕ್ಕೆ ನೂರು ಮೊಟ್ಟೆ ಇಟ್ಟರೆ ನಾಟಿ ಕೋಳಿಗೆ ಅದೇ ಹೆಚ್ಚು. ಫಾರಂ ಕೋಳಿ 300ರ ಹತ್ತಿರ ಮುಟ್ಟಿಸುತ್ತದೆ. ಟ್ರೇನ 30 ಮೊಟ್ಟೆಯೂ ಒಂದೇ ಗಾತ್ರ, ಒಂದೇ ಕಂದು ಇದ್ದರೆ ಅದು ಕಂದು ಮೊಟ್ಟೆಯ ಫಾರಂ ತಳಿ ಎಂದೇ ಅನುಮಾನಿಸಬೇಕು. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜು ಹಿತ್ತಿಲಲ್ಲಿ ಸಾಕಲೆಂದು ಬೆಳೆಸಿದ ಗಿರಿರಾಜ ಕೂಡ ಕಂದು ಮೊಟ್ಟೆಯನ್ನೇ ಇಡುತ್ತದೆ. ಮಧ್ಯಪ್ರದೇಶದ ಕಡಕ್‌ನಾಥ್ ಮೈಯೆಲ್ಲಾ ಕಪ್ಪು, ಮೊಟ್ಟೆ ಮಾತ್ರ ಕಪ್ಪಲ್ಲ!

ಕೇಳಬೇಕಾದ್ದು ಊರು

ಬಣ್ಣ ಬೇರೆ ಎಂದ ಮಾತ್ರಕ್ಕೆ ಸತ್ವ ಬೇರೆಯಾಗುವುದಿಲ್ಲ. ಭಂಡಾರದ ಹಳದಿಯೂ ಮೇವಿನ ಮಹಿಮೆ. ಮುಸುಕಿನ ಜೋಳ, ಹಸಿರು ಸೊಪ್ಪು ತಿಂದರೆ ಹಳದಿ ಏರುತ್ತದೆ. ಇನ್ನು ಬಿಳಿ ಮೊಟ್ಟೆಗೆ ಚಹಾ ನೀರಿನ ಬಣ್ಣ ಕಟ್ಟುವ ಕೈಚಳಕವೂ ಉಂಟು. ಒದ್ದೆ ಬಟ್ಟೆಯಲ್ಲಿ ಉಜ್ಜಿ ನೋಡೋಣ ಎಂದರೆ, ಅಸಲಿ ಕಂದು ಕೂಡ ಸ್ವಲ್ಪ ಬಿಡುವುದುಂಟು. ಬಣ್ಣಕ್ಕಿಂತ ತಾಜಾತನ ನೋಡುವುದು ಲಾಭ. ನೀರಿಗೆ ಹಾಕಿದಾಗ ತಳದಲ್ಲಿ ಅಡ್ಡ ಮಲಗಿದರೆ ಹೊಸದು, ತೇಲಿದರೆ ಹಳೆಯದು.

ಅಂಗಡಿಯವರು ಕಂದು ಫಾರಂ ಮೊಟ್ಟೆಗೆ "ಕಂದು" ಎಂದೇ ಚೀಟಿ ಅಂಟಿಸಿ ಮಾರಲಿ, ಮರ್ಯಾದೆ ಉಳಿಯುತ್ತದೆ. ನಾಟಿಯೇ ಬೇಕೆಂಬ ಗಿರಾಕಿ ಯಾವ ಊರಿನದು, ಯಾರು ತಂದದ್ದು ಎಂದು ಕೇಳಲಿ. ಬುಟ್ಟಿಯ ಹೆಂಗಸಿನ ಹತ್ತಿರ ಈ ಪ್ರಶ್ನೆಗೆ ಉತ್ತರ ಇರುತ್ತದೆ, ಟ್ರೇನ ಹತ್ತಿರ ಇರುವುದಿಲ್ಲ.